ಕಟ್ಟಿಕೊಂಡ ಚಿಪ್ ಎಸೆಯುವ ಮುಂಚೆ

ತುಮಕೂರು
ಭಾನುವಾರ

ಚಿ. ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮತ್ತೆಯ ಮಂಡಿನೋವು ಮಳೆ ಬಂದರೆ ಜಾಸ್ತಿ, ಬಿಸಿಲು ಬಂದರೆ ಇನ್ನೂ ಜಾಸ್ತಿ. ಮೊನ್ನೆ ರಾತ್ರಿ ಒಂದೂವರೆಗೆ ನೀನು ವಾಟ್ಸಾಪಿನಲ್ಲಿ ಕಳಿಸಿದ ನಾಲ್ಕು ಸಾಲು ಬೆಳಿಗ್ಗೆ ನೋಡಿದೆ. "ಮಾವ, ಮೂರನೇ ಚಿಪ್ಪೂ ಬ್ಲಾಕ್ ಆಯ್ತು. ಗೈಡ್ ಎಲ್ಲರ ಎದುರಿಗೇ ಬೈದರು. ಪಿಎಚ್‌ಡಿ ಬಿಟ್ಟು ಸಾಫ್ಟ್‌ವೇರ್ ಕೆಲಸಕ್ಕೆ ಸೇರ್ಕೊಳ್ತೀನಿ. ಅಮ್ಮಂಗೆ ಹೇಳ್ಬೇಡಿ." ನಿಮ್ಮಮ್ಮನಿಗೆ ಹೇಳಿಲ್ಲ. ಫೋನ್ ಮಾಡೋಣ ಅಂದುಕೊಂಡೆ, ಆದರೆ ಫೋನಿನಲ್ಲಿ ನೀನು ಅಳುತ್ತೀಯ, ನಾನು ಏನೋ ಸಮಾಧಾನ ಹೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ಬಿಡು ಅಂತಲೂ ಇರು ಅಂತಲೂ ನಾನು ಹೇಳುವವನಲ್ಲ. ಒಂದೇ ಒಂದು ಕೇಳುತ್ತೇನೆ. ರಕ್ತ ಪರೀಕ್ಷೆಗೆ ಅಂತ ನೀನು ಮಾಡುವ, ಒಳಗೆ ಕೂದಲೆಳೆಯಂಥ ದಾರಿಯಿರುವ ಆ ರಬ್ಬರಿನ ಮೂರನೇ ಚಿಪ್ ಈಗ ಎಲ್ಲಿದೆ? ಕಸದ ಬುಟ್ಟಿಗೆ ಹಾಕಿದೆಯಾ, ಇಟ್ಟುಕೊಂಡಿದ್ದೀಯಾ?

ಯಾಕೆ ಕೇಳಿದೆ ಅಂದರೆ, ನನ್ನದೂ ಒಂದು ಕಥೆ ಇದೆ. ನೀನಾಗ ಹೈಸ್ಕೂಲು. ಅಚ್ಚುಮೊಳೆ ಜೋಡಿಸುವ ಪ್ರೆಸ್ ಮುಚ್ಚಿ, ಸೆಕೆಂಡ್ ಹ್ಯಾಂಡ್ ಫ್ಲೆಕ್ಸ್ ಮಷಿನ್ ತಂದು ಹಾಕಿದ್ದೆನಲ್ಲ, ಆ ಕಾಲ. ಗಣೇಶನ ಹಬ್ಬ ಹತ್ತಿರ ಬಂದಿತ್ತು. ಬ್ಯಾನರ್ ಆರ್ಡರು ಸಾಲುಗಟ್ಟಿತ್ತು. ಲೀಟರಿಗೆ ನಾಲ್ಕು ಕಾಸು ಉಳಿಯುತ್ತದೆಂದು ಯಾರೋ ಕೊಟ್ಟ ಅಗ್ಗದ ಇಂಕನ್ನು ಹಳೇ ಇಂಕಿನ ಮೇಲೆ ಸುರಿದೆ. ಎರಡನೇ ದಿನಕ್ಕೆ ಪ್ರಿಂಟಿನಲ್ಲಿ ಬಿಳಿ ಗೆರೆ ಬೀಳಲು ಶುರುವಾಯಿತು. ಶುಭ ಕೋರುವ ಮುಖಂಡರೊಬ್ಬರ ಹಣೆಯ ಮೇಲೆ ಸರಿಯಾಗಿ ಮೂರು ಗೆರೆ. ಅವರ ಕಡೆಯ ಹುಡುಗ ಅದನ್ನು ವಿಭೂತಿ ಅಂದುಕೊಂಡು ಖುಷಿಯಾಗಿ ತಗೊಂಡು ಹೋದ. ಆಮೇಲಿನ ಬ್ಯಾನರಿನಲ್ಲಿ ಗೆರೆ ಗಣಪತಿಯ ಹೊಟ್ಟೆಗೆ ಬಂತು, ಅಲ್ಲಿ ವಿಭೂತಿ ಅನ್ನಲಾಗಲಿಲ್ಲ.

ಇಂಕು ಉಗುಳುವ ಹೆಡ್ ಜಾಮ್ ಆಗಿತ್ತು. 512 ತೂತುಗಳ ಹೆಡ್ಡು. ಕಣ್ಣಿಗೆ ತೂತು ಕಾಣುವುದಿಲ್ಲ, ನುಣ್ಣನೆಯ ಒಂದು ಪಟ್ಟಿ ಅಷ್ಟೆ. ಹತ್ತು ಎಂಎಲ್ ಸಿರಿಂಜಿನಲ್ಲಿ ಕ್ಲೀನಿಂಗ್ ಸಾಲ್ವೆಂಟ್ ಎಳೆದುಕೊಂಡು ಇಂಕಿನ ನಳಿಕೆಗೆ ಚುಚ್ಚಿ ಒತ್ತಿದೆ. ಹೋಗಲಿಲ್ಲ. ಸರಿ, ಇನ್ನು ನಾಜೂಕಾಗಿ ಮಾಡೋಣ ಅಂತ ಚಿಕ್ಕದು, ಎರಡು ಎಂಎಲ್‌ದು ತಗೊಂಡೆ. ನನ್ನ ದಡ್ಡತನ ಇಲ್ಲೇ ಇದ್ದದ್ದು. ಸಿರಿಂಜ್ ಚಿಕ್ಕದಾದಷ್ಟೂ ಅದೇ ಹೆಬ್ಬೆರಳಿನ ಬಲಕ್ಕೆ ಒಳಗಿನ ಒತ್ತಡ ಜಾಸ್ತಿ, ಹೆಚ್ಚುಕಡಿಮೆ ಮೂರು ಪಟ್ಟು. ನಿನಗೆ ಇದು ಮೊದಲನೇ ವರ್ಷದ ಪಾಠ, ನನಗೆ ಯಾರು ಹೇಳಬೇಕು? ಟಕ್ ಅಂತ ಕಡ್ಡಿ ಮುರಿದಷ್ಟು ಸಣ್ಣ ಸದ್ದಾಯಿತು. ಇಂಕು ತೂತಿನಿಂದ ಬರುವ ಬದಲು ಹೆಡ್ಡಿನ ಪಕ್ಕದ ಬೆಸುಗೆಯಿಂದ ಒಸರಿ ಕೇಬಲ್ ಪಟ್ಟಿಯ ಮೇಲೆ ಇಳಿಯಿತು. ಮೂರು ತಿಂಗಳ ದುಡಿಮೆ ಆ ಒಂದು ಟಕ್‌ಗೆ ಹೋಯಿತು. ನಿಮ್ಮತ್ತೆ ಆ ಹಬ್ಬಕ್ಕೆ ಸೀರೆ ಕೇಳಲಿಲ್ಲ.

ಆಮೇಲೆ ಒಬ್ಬ ಸರ್ವಿಸ್ ಹುಡುಗ ಬಂದು ವಿವರಿಸಿದ. ಕೊಳವೆಯ ಅಡ್ಡಳತೆ ಅರ್ಧ ಆದರೆ, ಅಷ್ಟೇ ದ್ರವ ಹರಿಸಲು ಎರಡು ಪಟ್ಟಲ್ಲ, ನಾಲ್ಕು ಪಟ್ಟೂ ಅಲ್ಲ, 16 ಪಟ್ಟು ಒತ್ತಡ ಬೇಕಂತೆ. ಕಸ ಕಟ್ಟಿದ ತೂತು ಅರ್ಧಕ್ಕಿಂತ ಎಷ್ಟೋ ಕಿರಿದು. ನೀನು ಒತ್ತಿದ್ದೆಲ್ಲ ಅಲ್ಲಿಗೆ ಹೋಗುವುದಿಲ್ಲ, ಮೈಯಲ್ಲಿ ಎಲ್ಲಿ ಮೆತ್ತಗಿದೆಯೋ ಅಲ್ಲಿ ಒಡೆದುಕೊಂಡು ಬರುತ್ತದೆ.

ಚಿಪ್ಪಿನೊಳಕ್ಕೆ ರಕ್ತ ಒತ್ತುವ ನಿನ್ನ ಸಿರಿಂಜ್ ಪಂಪ್ ನೋಡಿದ ದಿನವೇ ನನಗೆ ಇದು ನೆನಪಾಗಿತ್ತು. ಹೇಳಿರಲಿಲ್ಲ.

ಅಂಗಡಿ ರಘುವಿಗೆ ಬಿಟ್ಟಮೇಲೆ ಕೈಯಲ್ಲಿ ಕೆಲಸವಿಲ್ಲದೆ, ನನ್ನ ಹೊಟ್ಟೆ ಹೊರೆದ ಈ ಮಷಿನ್ನು ಹುಟ್ಟಿದ್ದು ಹೇಗೆ ಅಂತ ಓದುತ್ತಾ ಹೋದೆ. ಅಲ್ಲೂ ಒಂದು ಸಿರಿಂಜು ಸಿಕ್ಕಿತು! 1977, ಜಪಾನಿನ ಕ್ಯಾನನ್ ಕಂಪನಿಯ ಲ್ಯಾಬು. ಇಚಿರೊ ಎಂಡೊ ಅನ್ನುವ ಸಂಶೋಧಕನ ಮೇಜಿನ ಹತ್ತಿರ ಇಂಕು ತುಂಬಿದ ಸಿರಿಂಜಿತ್ತು, ಕಾದ ಸಾಲ್ಡರಿಂಗ್ ಐರನ್ನೂ ಇತ್ತು. ಐರನ್ನಿನ ತುದಿ ಅಕಸ್ಮಾತ್ತಾಗಿ ಸೂಜಿಗೆ ತಾಗಿತು. ಸೂಜಿಯ ಬಾಯಿಂದ ಇಂಕು ಪಿಚಕ್ಕನೆ ಚಿಮ್ಮಿತು. ನಾನಾಗಿದ್ದರೆ ಮೇಜು ಒರೆಸಿ, ಐರನ್ನನ್ನು ಅಲ್ಲಿಟ್ಟವರಿಗೆ ಎರಡು ಮಾತು ಬೈದು ಸುಮ್ಮನಾಗುತ್ತಿದ್ದೆ. ಆತ ಯಾಕೆ ಚಿಮ್ಮಿತು ಅಂತ ಕೇಳಿಕೊಂಡ. ಯಾರೂ ಒತ್ತಿರಲಿಲ್ಲ, ಬಿಸಿಗೆ ಒಳಗೆ ಒಂದು ಗುಳ್ಳೆ ಎದ್ದಿತ್ತು, ಆ ಗುಳ್ಳೆ ತಳ್ಳಿತ್ತು. ಅದೇ ವರ್ಷ ಪೇಟೆಂಟ್ ಅರ್ಜಿ ಹಾಕಿದರು.

ಇಷ್ಟು ಕಥೆಯನ್ನು ಎಲ್ಲರೂ ಹೇಳುತ್ತಾರೆ, ಭಾಷಣದಲ್ಲೂ ಹೇಳುತ್ತಾರೆ. ನಾನು ನಿನಗೆ ಹೇಳಬೇಕಾದ್ದು ಅದರ ಮುಂದಿನದು. ಬಬಲ್ ಜೆಟ್ ಅಂತ ಅವರ ಮೊದಲ ಪ್ರಿಂಟರು ಅಂಗಡಿಗೆ ಬಂದದ್ದು 1985ರಲ್ಲಿ. ಸಾಲ್ಡರಿಂಗ್ ಐರನ್ ತಾಗಿದ್ದಕ್ಕೆ ಹಿಡಿದದ್ದು ಒಂದು ಕ್ಷಣ, ಅದನ್ನು ಪ್ರಿಂಟರ್ ಮಾಡಲು ಹಿಡಿದದ್ದು ಎಂಟು ವರ್ಷ. ಆ ಎಂಟು ವರ್ಷ ಏನು ಮಾಡುತ್ತಿದ್ದರು ಅಂದುಕೊಂಡೆ? ತಳ ಹಿಡಿದ ಪಾತ್ರೆ ನೋಡುತ್ತಿದ್ದರು. ತಮಾಷೆಯಲ್ಲ ಕಣೇ. ತೂತಿನ ಹಿಂದೆ ಕೂದಲೆಳೆಯಷ್ಟು ಅಗಲದ ಒಂದು ಹೀಟರು, ಕೆಲವೇ ಮೈಕ್ರೋಸೆಕೆಂಡಿನಲ್ಲಿ ಸುಮಾರು 300 ಡಿಗ್ರಿಗೆ ಕಾಯುತ್ತದೆ. ಅದಕ್ಕೆ ಅಂಟಿಕೊಂಡ ತೆಳು ಪದರದ ಇಂಕು ಮಾತ್ರ ಆವಿಯಾಗಿ ಗುಳ್ಳೆ ಏಳುತ್ತದೆ, ಉಳಿದ ಇಂಕಿಗೆ ಬಿಸಿ ತಟ್ಟುವಷ್ಟರಲ್ಲಿ ಹನಿ ಆಚೆ ಹಾರಿರುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಹೀಗೆ. ಹಾಲು ಕಾಯಿಸಿದವರಿಗೆ ಗೊತ್ತು, ಮುಂದೇನಾಗುತ್ತದೆ ಅಂತ. ಇಂಕು ಸೀದು ಹೀಟರಿನ ಮೇಲೆ ಕರಿ ಕಟ್ಟುತ್ತದೆ. ಆಮೇಲೆ ಗುಳ್ಳೆ ಸರಿಯಾಗಿ ಏಳುವುದಿಲ್ಲ, ಹನಿ ಸೊಟ್ಟಗೆ ಹೋಗುತ್ತದೆ. ಇದಕ್ಕೆ ಆ ಕಸುಬಿನಲ್ಲಿ ಕೊಗೇಶನ್ ಅನ್ನುತ್ತಾರೆ. ಇಂಗ್ಲಿಷಿನ ಬಾಲ ಹಚ್ಚಿದ್ದಾರೆ ಅಷ್ಟೆ, ಒಳಗಿರುವುದು ಜಪಾನೀಯರ "ಕೊಗೆ", ಅಂದರೆ ಸೀದದ್ದು. ಅವರ ಅಡಿಗೆಮನೆಯಲ್ಲಿ ತಳ ಹಿಡಿದ ಅನ್ನಕ್ಕೂ ಅದೇ ಮಾತು.

ಇದು ಒಂದು ಕಾಟ. ಗುಳ್ಳೆ ಕುಸಿಯುವಾಗಿನದು ಇನ್ನೊಂದು. ಗುಳ್ಳೆ ಒಡೆದು ದ್ರವ ಒಳಕ್ಕೆ ನುಗ್ಗಿದಾಗ ಹೀಟರಿನ ಮೇಲೆ ಸುತ್ತಿಗೆ ಪೆಟ್ಟು ಬಿದ್ದಹಾಗೆ. ಕೋಟಿಗಟ್ಟಲೆ ಪೆಟ್ಟು ತಿನ್ನಬೇಕಲ್ಲ, ಅದಕ್ಕೆ ಮೇಲೆ ಟ್ಯಾಂಟಲಮ್ ಲೋಹದ ಒಂದು ಪದರ ಹೊದಿಸುತ್ತಾರೆ. ಇಂಥ ಪದರ, ಇಂಥ ಇಂಕು, ಇಂಥ ಬಿಸಿ ಅಂತ ಗೊತ್ತಾಗಬೇಕಾದರೆ ಎಷ್ಟು ಸತ್ತ ಹೆಡ್ಡುಗಳನ್ನು ಬಿಚ್ಚಿ ನೋಡಿರಬೇಡ!

ಅದೇ ಹೊತ್ತಿಗೆ ಸಾಗರದಾಚೆ ಅಮೆರಿಕದ ಪಾಲೊ ಆಲ್ಟೊದಲ್ಲಿ ಹ್ಯೂಲೆಟ್ ಪ್ಯಾಕಾರ್ಡ್‌ನ ಜಾನ್ ವಾಟ್ ಅನ್ನುವವನಿಗೂ ಇದೇ ಗುಳ್ಳೆ ಹೊಳೆಯಿತು. ಬಿಸಿನೀರು ಕೊಳವೆಯಲ್ಲಿ ಮೇಲೆ ಚಿಮ್ಮುವ ಕಾಫಿ ಪರ್ಕೊಲೇಟರ್ ಕುದಿಯುವುದನ್ನು ನೋಡಿ ಹೊಳೆಯಿತು ಅಂತ ಹೇಳುತ್ತಾರೆ. ಇವನಿಗೆ ಅವನ ವಿಷಯ ಗೊತ್ತಿಲ್ಲ, ಅವನಿಗೆ ಇವನದು ಗೊತ್ತಿಲ್ಲ. ತಳ ಹಿಡಿಯುವ ಕಾಟಕ್ಕೆ ಇವರು ಕಂಡುಕೊಂಡ ದಾರಿ ನನಗೆ ಬಹಳ ಹಿಡಿಸಿತು. ಪಾತ್ರೆ ಉಜ್ಜುವುದೇ ಬೇಡ, ಬಾಳೆಎಲೆಯಲ್ಲಿ ಉಂಡು ಎಸೆದುಬಿಡೋಣ ಅಂದರು. ಇಂಕಿನ ಡಬ್ಬಿಗೇ ಹೆಡ್ಡು ಅಂಟಿಸಿದರು. ಇಂಕು ಮುಗಿಯುವ ತನಕ ಹೆಡ್ಡು ಬಾಳಿದರೆ ಸಾಕು. 1984ರ ಥಿಂಕ್‌ಜೆಟ್, ಬರೀ 12 ತೂತು. ಮುಂದೆ ಎರಡೂ ಕಂಪನಿಗಳು ಕೈ ಕೈ ಮಿಲಾಯಿಸದೆ ಒಪ್ಪಂದ ಮಾಡಿಕೊಂಡವು. ಎಲೆ ಬಾಳೆಯದಾಗಿದ್ದರೆ ಹಸುವಾದರೂ ತಿನ್ನುತ್ತಿತ್ತು, ಈ ಪ್ಲಾಸ್ಟಿಕ್ ಎಲೆಯನ್ನು ಯಾರು ತಿನ್ನಬೇಕು? ಆ ಬೆಲೆ ಕೊಟ್ಟು ಕಾರ್ಟ್ರಿಜ್ ಕೊಂಡವರ ಶಾಪವೂ ಅವರಿಗೆ ತಟ್ಟಿರಬೇಕು. ಅದು ಬೇರೆ ಮಾತು.

ನನ್ನ ಫ್ಲೆಕ್ಸ್ ಹೆಡ್ಡು ಈ ಜಾತಿಯದಲ್ಲ, ಕಾಯಿಸುವುದಿಲ್ಲ. ಕರೆಂಟು ಕೊಟ್ಟರೆ ಮಿಸುಕುವ ಪೀಜೊ ಅನ್ನುವ ವಸ್ತು ಗೋಡೆಯನ್ನು ಹಿಂಡಿ ಹನಿ ಹಾರಿಸುತ್ತದೆ. ಎಪ್ಸನ್‌ನವರ ಮನೆ ಪ್ರಿಂಟರುಗಳೂ ಹಾಗೇ. ತಳ ಹಿಡಿಯುವ ಕಾಟವಿಲ್ಲ, ಆದರೆ ಹೆಡ್ಡು ದುಬಾರಿ, ಎಸೆಯುವಂತಿಲ್ಲ. ಅದಕ್ಕೇ ನಾನು ಅತ್ತದ್ದು.

ನಿನ್ನ ಅತ್ತೆ ಕೇಳುತ್ತಾಳೆ, "ಅವಳದು ರಕ್ತ ಪರೀಕ್ಷೆ ಮಾಡೋ ಚಿಪ್ಪು, ನಿಮ್ಮದು ಬ್ಯಾನರು, ಎಲ್ಲಿಂದೆಲ್ಲಿಗೆ ಗಂಟು ಹಾಕ್ತೀರಿ?" ಗಂಟು ನಾನು ಹಾಕಿದ್ದಲ್ಲ. ಇಂಕು ಚಿಮ್ಮಿಸಿ ಬರೆಯುವ ಈ ಇಂಕ್‌ಜೆಟ್ ಮೊದಮೊದಲು ಬರೆದದ್ದರಲ್ಲಿ ಎದೆಬಡಿತವೂ ಒಂದು. ಸ್ವೀಡನ್ನಿನ ರೂನೆ ಎಲ್ಮ್‌ಕ್ವಿಸ್ಟ್ 1951ರಲ್ಲಿ ಪೇಟೆಂಟ್ ಪಡೆದದ್ದು ಇಸಿಜಿಯ ಗೆರೆಯನ್ನು ಪೆನ್ನಿನ ಬದಲು ಇಂಕಿನ ಎಳೆಯಿಂದ ಬರೆಸುವ ಉಪಕರಣಕ್ಕೆ. 1958ರಲ್ಲಿ ಮನುಷ್ಯನ ಮೈಯೊಳಗೆ ಇಟ್ಟ ಮೊದಲ ಪೇಸ್‌ಮೇಕರ್ ಮಾಡಿದವನೂ ಅವನೇ. ಅದು ಎಷ್ಟು ಹೊತ್ತು ನಡೆಯಿತು ಗೊತ್ತಾ? ಕೆಲವೇ ಗಂಟೆ. ನಿನ್ನ ಚಿಪ್ಪಿನ ಹಾಗೇ. ಅದನ್ನು ಹಾಕಿಸಿಕೊಂಡ ಆರ್ನೆ ಲಾರ್ಸನ್ ಮಾತ್ರ ಒಂದಾದಮೇಲೊಂದು ಪೇಸ್‌ಮೇಕರ್ ಬದಲಿಸಿಕೊಳ್ಳುತ್ತಾ 2001ರ ತನಕ ಬದುಕಿದ.

ಇನ್ನೊಂದು ಕೇಳು. ನೀರಿನ ಬಾಟಲಿಯ ಕುತ್ತಿಗೆ ಹತ್ತಿರ ಚುಕ್ಕೆ ಚುಕ್ಕೆಯಾಗಿ ತಾರೀಖು ಹೊಡೆದಿರುತ್ತದಲ್ಲ, ಆ ಮಷಿನ್ನಿನಲ್ಲಿ ಇಂಕಿನ ಎಳೆ ನಿಲ್ಲದೆ ಹರಿಯುತ್ತದೆ. ಸಣ್ಣದಾಗಿ ನಡುಗಿಸಿದರೆ ಎಳೆ ಸಮಸಮ ಹನಿಗಳಾಗಿ ಒಡೆಯುತ್ತದೆ. ಬೇಕಾದ ಹನಿಗೆ ವಿದ್ಯುತ್ತಿನ ಚಾರ್ಜ್ ಕೊಟ್ಟು, ಎರಡು ತಗಡುಗಳ ನಡುವೆ ಹಾಯಿಸಿ ದಾರಿ ತಿರುಗಿಸುತ್ತಾರೆ. ಬೇಡದ ಹನಿ ವಾಪಸ್ಸು ಟ್ಯಾಂಕಿಗೆ. ಸ್ಟ್ಯಾನ್‌ಫರ್ಡಿನ ರಿಚರ್ಡ್ ಸ್ವೀಟ್ 1960ರ ದಶಕದಲ್ಲಿ ಮಾಡಿದ ಉಪಾಯ ಇದು. ಅದು ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಮ್ಯಾಕ್ ಫುಲ್ವೈಲರ್ ಕಣ್ಣಿಗೆ ಬಿತ್ತು. ಅವನಿಗೆ ಬೇಕಿದ್ದದ್ದು ಬರವಣಿಗೆಯಲ್ಲ, ಜೀವಕೋಶಗಳನ್ನು ಜರಡಿ ಹಿಡಿಯುವುದು. ಇಂಕಿನ ಜಾಗಕ್ಕೆ ಜೀವಕೋಶ ತೇಲುವ ದ್ರವ ಹಾಕಿದ. 1965ರಲ್ಲಿ ಹನಿಹನಿಯಾಗಿ ಕೋಶಗಳನ್ನು ಬೇರೆ ಮಾಡಿ ತೋರಿಸಿದ. ಸ್ಟ್ಯಾನ್‌ಫರ್ಡಿನಲ್ಲೇ ಲೆನ್ ಹರ್ಜೆನ್‌ಬರ್ಗ್ ಅದನ್ನು ಬೆಳಕಿನಿಂದ ಗುರುತಿಸಿ ಜರಡಿ ಹಿಡಿಯುವ ಯಂತ್ರವಾಗಿ ಬೆಳೆಸಿದ. ಎಚ್‌ಐವಿ ಇರುವವರ ರಕ್ತದಲ್ಲಿ ಸಿಡಿ4 ಅನ್ನುವ ಬಿಳಿ ರಕ್ತಕಣ ಎಣಿಸುವ ಯಂತ್ರಗಳು ಇದೇ ಮನೆತನದವು. ಬಾಟಲಿಗೆ ತಾರೀಖು ಹೊಡೆಯುವ ಯಂತ್ರವೂ ಅದೂ ದಾಯಾದಿಗಳು.

ಹೋದ ಸಲ ಬಂದಾಗ ನೀನು ಆ ಪಾರದರ್ಶಕ ರಬ್ಬರನ್ನು ಹಾಲುಬಾಯಿ ಕೊಯ್ದ ಹಾಗೆ ಕೊಯ್ದೆ. ಹಾರ್ವರ್ಡಿನ ವೈಟ್‌ಸೈಡ್ಸ್ ತಂಡ 1998ರಲ್ಲಿ ಆ ರಬ್ಬರಿನಲ್ಲಿ ಚಿಪ್ ಮಾಡುವ ಸುಲಭ ದಾರಿ ತೋರಿಸಿತು ಅಂತ ನೀನೇ ಹೇಳಿದ್ದು. ಆಮೇಲೆ ಒಂದು ಕೊಳವೆಯಂಥ ಬ್ಲೇಡಿನಿಂದ ತೂತು ಹೊಡೆದೆ. ಆಗ ಒಂದು ಚೂರು ರಬ್ಬರು ತೂತಿನ ಅಂಚಿಗೇ ನೇತಾಡುತ್ತಿತ್ತು, ನೀನು ಊದಿಬಿಟ್ಟೆ. ಅದು ಆಚೆ ಹೋಯಿತೋ ಒಳಗೆ ಹೋಯಿತೋ? ನಾನು ಬರೀ ಪ್ರೆಸ್ಸಿನವನು, ತಪ್ಪಿದ್ದರೂ ಇರಬಹುದು. ನಿನ್ನ ಚಿಪ್ಪಿನೊಳಗಿನ ದಾರಿ ಐವತ್ತು ಮೈಕ್ರಾನ್ ಅಗಲ, ರಕ್ತದ ಕೆಂಪು ಕಣ ಏಳೆಂಟು ಮೈಕ್ರಾನ್. ಕಣ ತಾನಾಗಿ ಅಲ್ಲಿ ಸಿಕ್ಕಿಕೊಳ್ಳುವಂಥದ್ದಲ್ಲ. ಬೇರೇನೋ ಅಡ್ಡ ನಿಂತಿದೆ. ರಬ್ಬರಿನ ಚೂರಾ, ಹೆಪ್ಪುಗಟ್ಟಿದ ರಕ್ತವಾ, ಬಟ್ಟೆಯ ನೂಲಾ, ಗಾಳಿಗುಳ್ಳೆಯಾ? ನಾಲ್ಕಕ್ಕೂ ಮದ್ದು ಬೇರೆ ಬೇರೆ. ನೋಡದೆ ಯಾವ ಮದ್ದು ಕೊಡುತ್ತೀಯ? ನಾಲ್ಕನೇ ಚಿಪ್ ಮಾಡಿದರೂ ಅದೇ ಆಗುತ್ತದೆ. ಪಂಪಿನ ವೇಗ ಏರಿಸಬೇಡ, ನಾನು ಎರಡು ಎಂಎಲ್ ಸಿರಿಂಜ್ ಹಿಡಿದಂತಾಗುತ್ತದೆ. ಬಾಗಿದ ಹತ್ತಿರ ಕಟ್ಟಿದೆಯೋ ಬಾಯಲ್ಲೇ ಕಟ್ಟಿದೆಯೋ ಮೈಕ್ರೋಸ್ಕೋಪಿನಲ್ಲಿ ನೋಡಿ, ಚಿತ್ರ ಬರೆದು, ತಾರೀಖು ಹಾಕಿಡು. ತಾರೀಖು ಮರೆಯಬೇಡ. ಎರಡು ದೇಶದಲ್ಲಿ ಇಬ್ಬರಿಗೆ ಒಂದೇ ಗುಳ್ಳೆ ಹೊಳೆದಾಗ ಯಾರು ಮೊದಲು ಅರ್ಜಿ ಹಾಕಿದರು ಅನ್ನುವುದೇ ಮುಂದೆ ಮಾತಾಗುತ್ತದೆ. ಹೊಸತೇನಾದರೂ ಸಿಕ್ಕಿದರೆ ಅರ್ಜಿ ಹಾಕುವ ತನಕ ಸ್ಟೇಟಸ್ಸಿನಲ್ಲಿ ಹಾಕಿ ಊರಿಗೆಲ್ಲ ಸಾರಬೇಡ.

ಗೈಡ್ ಬೈದದ್ದಕ್ಕೆ ನಾನೇನೂ ಹೇಳಲಾರೆ. ಎಲ್ಲರ ಎದುರಿಗೆ ಬೈದದ್ದು ತಪ್ಪು. ಆದರೆ ಅವರು "ಯಾಕೆ ಕಟ್ಟಿತು?" ಅಂತ ಕೇಳಿದಾಗ ನೀನು "ಗೊತ್ತಿಲ್ಲ ಸರ್" ಅಂದಿದ್ದೀಯ ಅಂತ ನನ್ನ ಊಹೆ. ಸಾಫ್ಟ್‌ವೇರ್ ಕೆಲಸ ಕೀಳಲ್ಲ. ರಘುವಿನ ಹೆಂಡತಿ ಮಾಡುತ್ತಿಲ್ಲವೇ? ಹೋಗುವುದಾದರೆ ಹೋಗು, ನಿಮ್ಮಮ್ಮನಿಗೆ ನಾನು ಹೇಳಿ ಒಪ್ಪಿಸುತ್ತೇನೆ. ಆ ಚಿಪ್ಪಿನೊಳಗೆ ಏನಿತ್ತು ಅಂತ ನೋಡಿಕೊಂಡು ಹೋಗು, ಅಷ್ಟೆ.

ಬುಧವಾರ ಬೆಳಿಗ್ಗೆ ರಘು ಬೆಂಗಳೂರಿಗೆ ಬರುತ್ತಾನೆ. ನಿಮ್ಮತ್ತೆ ಚಕ್ಕುಲಿ, ಕೊಬ್ಬರಿ ಮಿಠಾಯಿ ಕಳಿಸಿದ್ದಾಳೆ. ಡಬ್ಬಿಯ ತಳದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಒಂದು ವಸ್ತು ಇದೆ, ತಿನ್ನುವಂಥದ್ದಲ್ಲ. ಅವತ್ತು ಒಡೆದ ಹೆಡ್ಡು. ಎಸೆಯಲು ಮನಸ್ಸಾಗದೆ ಗಲ್ಲಾಪೆಟ್ಟಿಗೆಯ ಹಿಂದೆ ಇಟ್ಟಿದ್ದೆ. ಎಲ್ಲಿ ಒಡೆಯಿತು, ಒಳಗೆ ಏನು ಕಟ್ಟಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನಿನ್ನ ಮೈಕ್ರೋಸ್ಕೋಪಿನಲ್ಲಿ, ನಿನ್ನ ಚಿಪ್ಪು ನೋಡಿ ಆದಮೇಲೆ, ಬಿಡುವಿದ್ದರೆ ಇದನ್ನೂ ಒಂದು ಸಲ ಇಟ್ಟು ನೋಡು. ಏನು ಕಂಡರೂ ಫೋಟೋ ತೆಗೆದು ಕಳಿಸು, ರಾತ್ರಿ ಒಂದೂವರೆಯಾದರೂ ಪರವಾಗಿಲ್ಲ.

ಇಂತಿ ನಿನ್ನ ಪ್ರೀತಿಯ
ಮಾವ