ಹೊಳೆಬಾಗಿಲಿನ ಮಳಿಗೆ ಮುಚ್ಚುತ್ತಿದ್ದೇವೆ, ಇನ್ನು ಊರೊಳಗೆ ಬನ್ನಿ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಏಪ್ರಿಲ್ 1ರಿಂದ ಹೊಳೆಬಾಗಿಲಿನಲ್ಲಿ, ಅಂದರೆ ಶರಾವತಿ ಹಿನ್ನೀರಿನ ಕಳಸವಳ್ಳಿ ದಡದಲ್ಲಿ ಲಾಂಚ್ ನಿಲ್ಲುತ್ತಿದ್ದ ಜಾಗದಲ್ಲಿ, ನಮ್ಮ ಹೆಂಗಸರ ಸಂಘದ ಮಳಿಗೆ ಇರುವುದಿಲ್ಲ. ಜನ, ವಾಹನಗಳನ್ನು ದಾಟಿಸುತ್ತಿದ್ದ ಆ ಲಾಂಚ್ ಇಳಿದು ಏರು ಹತ್ತುವಾಗ ಎಡಕ್ಕೆ ಸಿಗುತ್ತಿದ್ದ, ತಗಡಿನ ಮಾಡಿನ, ಮುಂದೆ ಎರಡು ಬೆಂಚು ಹಾಕಿದ್ದ ಆ ಚಿಕ್ಕ ಮಳಿಗೆ ನಿಮ್ಮಲ್ಲಿ ಬಹಳ ಮಂದಿಗೆ ನೆನಪಿರುತ್ತದೆ. ಉಪ್ಪಿನಕಾಯಿ, ಜೋನಿಬೆಲ್ಲ (ನೀರುಬೆಲ್ಲ), ಹಲಸಿನ ಹಪ್ಪಳ, ಮುರುಗಲು (ಪುನರ್ಪುಳಿ) ಎಲ್ಲವೂ ಇನ್ನು ಮುಂದೆ ತುಮರಿಯ ಹತ್ತಿರ ಊರೊಳಗಿನ ಸಂಘದ ಮನೆಯಲ್ಲಿ ಸಿಗುತ್ತವೆ. ಊಟ ಮಾತ್ರ ಹಿಂದಿನ ದಿನವೇ ಹೇಳಿದವರಿಗೆ. ವಿಷಯ ಇಷ್ಟೇ. ಆದರೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ ಬರಲು ಮನಸ್ಸಾಗಲಿಲ್ಲ. ಹದಿನಾಲ್ಕು ವರ್ಷ ಆ ಬೆಂಚಿನ ಮೇಲೆ ಕುಳಿತು ನಮ್ಮ ಕೈಯ ರುಚಿ ನೋಡಿದವರಿಗೆ ಕಾರಣ ಹೇಳಬೇಕು.

ಹಿನ್ನೀರಿಗೆ ಹೊಸದಾಗಿ ಕಟ್ಟಿದ ಸೇತುವೆಯಿಂದ ಲಾಂಚ್ ನಿಂತು ನಮಗೆ ತೊಂದರೆಯಾಯಿತು ಎಂದು ಯಾರೂ ತಿಳಿಯಬಾರದು. ಆ ಸೇತುವೆಗಾಗಿ ಧರಣಿ ಕುಳಿತವರಲ್ಲಿ ನಮ್ಮ ಸಂಘದ ಹೆಂಗಸರೂ ಇದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ಹರಡಿಕೊಂಡಾಗ ಕರೂರು, ಬಾರಂಗಿ ಹೋಬಳಿಗಳ ಊರುಗಳು ಸಾಗರ ಪೇಟೆಯಿಂದ ಕಡಿದು ಹೋದವು. ನಕ್ಷೆಯಲ್ಲಿ ನೋಡಿದರೆ ಇದು ಪೂರಾ ದ್ವೀಪವಲ್ಲ. ಮೂರು ಕಡೆ ಹಿನ್ನೀರು, ಉಳಿದ ಕಡೆ ಘಟ್ಟದ ಕಾಡು. ಆದರೂ ಎಲ್ಲರೂ ನಮ್ಮನ್ನು ದ್ವೀಪದವರೆಂದೇ ಕರೆದರು, ನಾವೂ ಹಾಗೆಯೇ ಬದುಕಿದೆವು. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಮುಗಿಯಿತು. ಕಾರ್ಗಲ್ ಕಡೆಯಿಂದ ಸುತ್ತಿಕೊಂಡು ಸಾಗರ ಸೇರಲು ಸುಮಾರು 80 ಕಿಲೋಮೀಟರ್. ನಮ್ಮಲ್ಲಿ ಹಪ್ಪಳದ ಕೆಲಸ ನೋಡಿಕೊಳ್ಳುವ ಅಕ್ಕ ತಮ್ಮ ಮೊದಲ ಹೆರಿಗೆಯ ನೋವನ್ನು ಜೀಪಿನ ಹಿಂದಿನ ಸೀಟಿನಲ್ಲಿ, ಮಳೆಯ ರಾತ್ರಿಯಲ್ಲಿ, ಆ ದಾರಿಯುದ್ದಕ್ಕೂ ತಿಂದವರು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ 2.44 ಕಿಲೋಮೀಟರ್ ಸೇತುವೆ ಉದ್ಘಾಟನೆಯಾದ ದಿನ ಅವರು ಮೊಮ್ಮಗಳ ಕೈ ಹಿಡಿದು ಈ ತುದಿಯಿಂದ ಆ ತುದಿಗೆ ನಡೆದು ಹೋಗಿ ಬಂದರು. ಅವರ ಮುಖ ನೋಡಿದವರು ಸೇತುವೆಯ ಬಗ್ಗೆ ಒಂದು ಮಾತು ಕಡಿಮೆ ಆಡಲಾರರು.

ಆದರೆ ನಮ್ಮ ವ್ಯಾಪಾರ ನಿಂತಿದ್ದು ನಿಮ್ಮ ಕಾಯುವಿಕೆಯ ಮೇಲೆ. ಹಬ್ಬ, ರಜೆಗಳಲ್ಲಿ ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಬಂದವರು ಮರಳಿ ಹೋಗಲು ಲಾಂಚಿಗಾಗಿ ಸಾಲಿನಲ್ಲಿ ನಿಲ್ಲಬೇಕಿತ್ತು, ಕೆಲವೊಮ್ಮೆ ಗಂಟೆಗಟ್ಟಲೆ. ವಾಹನ ಸಾಲಿನಲ್ಲಿಟ್ಟು ಗಂಡಸರು ಅಲ್ಲಿ, ಮಕ್ಕಳನ್ನು ಕಟ್ಟಿಕೊಂಡು ಹೆಂಗಸರು ನಮ್ಮ ಬೆಂಚಿನಲ್ಲಿ. ಕುಳಿತವರು ಸುಮ್ಮನಿರುತ್ತಾರೆಯೇ? ಭರಣಿಯಲ್ಲಿ ಇರುವುದೇನು, ಈ ಕಪ್ಪು ಸಿಪ್ಪೆ ಏನು ಎಂದು ಕೇಳುತ್ತಿದ್ದರು. ಒಣಗಿದ ಮುರುಗಲು ಸಿಪ್ಪೆಯನ್ನು ನೀರಿಗೆ ಹಾಕಿ, ಬಣ್ಣ ಬಿಡುವುದನ್ನು ತೋರಿಸಿ, ಬೆಲ್ಲ ಮತ್ತು ಒಂದು ಚಿಟಿಕೆ ಉಪ್ಪು ಬೆರೆಸಿ ಕೊಡುತ್ತಿದ್ದೆವು. ಕುಡಿದವರು ಕಾಲು ಕಿಲೋ ಕಟ್ಟಿಸಿಕೊಳ್ಳುತ್ತಿದ್ದರು. ಈಗ ಕಾರು ಸೇತುವೆ ಏರುತ್ತದೆ, ನಡುವೆ ನಿಂತು ಒಂದು ಫೋಟೋ, ದರ್ಶನ, ಮತ್ತೆ ಸೇತುವೆ. ದಡಕ್ಕೆ ಇಳಿಯುವವರಿಲ್ಲ. ಹಾಗೆ ಬರುವವರದು ತಪ್ಪೆಂದು ನಾವು ಹೇಳುವುದಿಲ್ಲ, ದಾರಿ ಇರುವುದೇ ಹಾಗೆ.

ಸೇತುವೆಯಾದ ಮೇಲೆ ನಾವು ಮಾಡಿದ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. ಓಡುವ ಜನರಿಗೆ ಓಡುವ ಊಟ ಬೇಕೆಂದು ಎಣಿಸಿ ದಸರಾ ರಜೆಯಲ್ಲಿ ಬೆಳಗಿನ ಜಾವವೇ ದೊಡ್ಡ ಪಾತ್ರೆಗಳಲ್ಲಿ ಅಡುಗೆ ಮಾಡಿ ಬಿಸಿ ಡಬ್ಬಿಗಳಲ್ಲಿ ತುಂಬಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ಸೊಪ್ಪು, ಮಜ್ಜಿಗೆಯ ತಂಬುಳಿ ಹುಳಿಯೇರಿತ್ತು, ಕಡುಬು ಗಟ್ಟಿಯಾಗಿತ್ತು. ಮೂರು ದಿನದಲ್ಲಿ ಉಳಿದದ್ದನ್ನೆಲ್ಲ ಕೊಟ್ಟಿಗೆಯ ಗುಂಡಿಗೆ ಸುರಿದೆವು. ವರ್ಷಕ್ಕೊಮ್ಮೆ ತಪ್ಪದೆ ಬರುವ ದಾವಣಗೆರೆಯ ಹಿರಿಯರೊಬ್ಬರು ಅಂದು ಉಂಡು, ಕೈ ತೊಳೆದು, ದುಡ್ಡು ಕೊಟ್ಟು, "ಇದು ನಿಮ್ಮ ಊಟವಲ್ಲ ತಾಯಿ" ಎಂದರು. ಆ ಮಾತು ನಮ್ಮೆಲ್ಲರ ಎದೆಯಲ್ಲಿ ಉಳಿಯಿತು. ಮುಂದಿನ ಸಭೆಯಲ್ಲಿ ಬೇರೆ ಏನೂ ಚರ್ಚೆಯಾಗಲಿಲ್ಲ. ಹೊಳೆಬಾಗಿಲಿನ ಮಳಿಗೆ ಬಿಡುವುದು, ಊಟವನ್ನು ಮೊದಲಿನ ಹಾಗೆ ಮಾಡುವುದು, ಹೇಳಿ ಬಂದವರಿಗೆ ಮಾತ್ರ ಮಾಡುವುದು ಎಂದು ಹನ್ನೊಂದು ಮಂದಿಯೂ ಒಪ್ಪಿದೆವು.

ಹಿಂದಿನ ದಿನವೇ ಏಕೆ ಹೇಳಬೇಕು ಎಂದು ಕೆಲವರು ಈಗಾಗಲೇ ಕೇಳಿದ್ದಾರೆ. ನಮ್ಮ ಕಡೆಯ ಅಡುಗೆಗೆ ಹಿಂದಿನ ದಿನವೇ ಕೈ ಹಾಕಬೇಕು. ಮಳೆಗಾಲದಲ್ಲಿ ಹಲಸಿನ ಎಲೆ ತಂದು, ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟಿ, ರುಬ್ಬಿದ ಹಿಟ್ಟು ರಾತ್ರಿಯಿಡೀ ಹುಳಿ ಬಂದರೆ ಮಾತ್ರ ಬೆಳಗ್ಗೆ ಕಡುಬು. ಕಳಲೆಯದಂತೂ, ಅಂದರೆ ಎಳೆ ಬಿದಿರಿನದಂತೂ, ಇನ್ನೂ ಹೆಚ್ಚಿನ ಕೆಲಸ. ಹೆಚ್ಚಿ ನೀರಿನಲ್ಲಿ ಹಾಕಿ, ದಿನಕ್ಕೊಮ್ಮೆ ನೀರು ಚೆಲ್ಲಿ ಬದಲಿಸಿ, ಎರಡು ಮೂರು ದಿನ ಕಳೆದ ಮೇಲೆಯೇ ಪಲ್ಯಕ್ಕೆ ಬರುವುದು. ಆದ್ದರಿಂದ ಕಳಲೆ ಬೇಕೆನ್ನುವವರು ನಾಲ್ಕು ದಿನ ಮೊದಲೇ ತಿಳಿಸಬೇಕು. ಒಂದೆಲಗದ ತಂಬುಳಿಗೆ ಎಲೆಯನ್ನು ಗದ್ದೆಯ ಅಂಚಿನಿಂದ ಆ ಬೆಳಗ್ಗೆಯೇ ಕಿತ್ತು ತರುತ್ತೇವೆ. ಅದು ಒಂದು ಗಂಟೆಯಲ್ಲಿ ಬಾಡುತ್ತದೆ, ಬಾಡಿದ ಎಲೆಯ ತಂಬುಳಿಗೆ ಘಮ ಇಲ್ಲ. ಎಷ್ಟು ಎಲೆ ಎಂದು ತಿಳಿಯಬೇಕಾದರೆ ಎಷ್ಟು ಜನ ಎಂದು ತಿಳಿಯಬೇಕು. ಊಟದ ಎಲೆಯಲ್ಲಿ ಅನ್ನ, ತಂಬುಳಿ, ಒಂದು ಪಲ್ಯ, ಸಾರು, ಕುಡಿಯಲು ಮಾವಿನಕಾಯಿಯ ಅಪ್ಪೆಹುಳಿ, ಮಜ್ಜಿಗೆ, ಕೊನೆಗೆ ಹಪ್ಪಳದ ಜೊತೆ ಜೋನಿಬೆಲ್ಲ ಇರುತ್ತವೆ. ಹಿನ್ನೀರಿನ ಮೀನಿನ ಸಾರು ಬೇಕೆನ್ನುವವರಿಗೆ ಬೇರೆ ಮನೆ, ಬೇರೆ ಒಲೆ. ಅಲ್ಲಿಯೂ ಅಷ್ಟೇ ಪ್ರೀತಿಯಿಂದ ಬಡಿಸುತ್ತಾರೆ. ಯಾವುದು ಬೇಕೆಂದು ಹೇಳುವಾಗಲೇ ತಿಳಿಸಿದರೆ ಸಾಕು.

ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆಯ ದಿನಗಳಲ್ಲಿ ಬಂದವರಿಗೆ ತೊಡೆದೇವು ಎಂಬ ತೆಳು ಹಾಳೆಯ ಸಿಹಿ ತಿಂಡಿ ಮಾಡುವುದನ್ನೂ ತೋರಿಸುತ್ತೇವೆ. ಮಳಿಗೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಒಲೆಯ ಮೇಲೆ ಮಣ್ಣಿನ ಗಡಿಗೆಯನ್ನು ಬೋರಲಾಗಿಟ್ಟು ಕೆಳಗೆ ಬೆಂಕಿ ಹಾಕುತ್ತಾರೆ. ಅಕ್ಕಿ ಮತ್ತು ಕಬ್ಬಿನ ಹಾಲಿನ ತೆಳು ಹಿಟ್ಟಿನಲ್ಲಿ ಬಟ್ಟೆ ಸುತ್ತಿದ ಕೋಲನ್ನು ಅದ್ದಿ, ಗಡಿಗೆಯ ಬೆನ್ನಿನ ಮೇಲೆ ಒಂದೇ ಎಳೆತಕ್ಕೆ ಎಳೆಯಬೇಕು. ಹಾಳೆ ಏಳುತ್ತಿದ್ದಂತೆಯೇ ಮಡಚಬೇಕು. ತಡವಾದರೆ ಮುರಿಯುತ್ತದೆ, ಬೇಗವಾದರೆ ಹರಿಯುತ್ತದೆ. ನಮ್ಮಲ್ಲಿ ಇದು ಚೆನ್ನಾಗಿ ಬರುವುದು ಇಬ್ಬರಿಗೆ ಮಾತ್ರ. ಈ ಚಳಿಗಾಲದಲ್ಲಿ ಇಬ್ಬರು ಹುಡುಗಿಯರು ಕಲಿಯುತ್ತಿದ್ದಾರೆಂಬುದು ನಮಗೆ ದೊಡ್ಡ ಸಂತೋಷ.

ಇನ್ನು ಅಪ್ಪೆಮಿಡಿ, ಉಪ್ಪಿನಕಾಯಿಗೆ ಹಾಕುವ ಕಾಡುಮಾವಿನ ಎಳೆಗಾಯಿ. ನಿಮ್ಮಲ್ಲಿ ಹೆಚ್ಚಿನವರು ನಮ್ಮನ್ನು ತಿಳಿದಿರುವುದೇ ಇದರಿಂದ. ಅಪ್ಪೆ ಮರಗಳು ಹೊಳೆಯ ದಂಡೆಯನ್ನು ಬಯಸುವ ಮರಗಳು. ಶರಾವತಿಯ ದಂಡೆಯೇ ಮುಳುಗಿದಾಗ ಅಲ್ಲಿದ್ದ ಮರಗಳೂ ಮುಳುಗಿದವು. ಜೀರಿಗೆಯ ಪರಿಮಳದ ಮರ ಇಂಥ ತಿರುವಿನಲ್ಲಿತ್ತು, ಕರ್ಪೂರದ ಪರಿಮಳದ್ದು ಇಂಥ ಹಳ್ಳದ ಬಾಯಲ್ಲಿತ್ತು ಎಂದು ನಮ್ಮ ಅತ್ತೆಯಂದಿರು ನೀರಿನ ಕಡೆ ಬೆರಳು ಮಾಡಿ ತೋರಿಸುತ್ತಿದ್ದರು. ಉಳಿದ ಮರಗಳು ಹಳ್ಳಕೊಳ್ಳಗಳಲ್ಲಿ ಅಲ್ಲೊಂದು ಇಲ್ಲೊಂದು ಇವೆ, ಅವು ಪ್ರತಿ ವರ್ಷ ಬಿಡುವುದೂ ಇಲ್ಲ. ಮಿಡಿಯನ್ನು ಉದುರಿಸುವಂತಿಲ್ಲ. ಮರ ಹತ್ತಿ, ತೊಟ್ಟಿನ ಸಮೇತ ಕೊಯ್ದು, ಬುಟ್ಟಿಯಲ್ಲಿ ಹಗ್ಗ ಕಟ್ಟಿ ಇಳಿಸಬೇಕು. ತೊಟ್ಟು ಮುರಿದರೆ ಸೊನೆ ಸೋರಿ ಹೋಗುತ್ತದೆ, ಪರಿಮಳವೆಲ್ಲ ಆ ಸೊನೆಯಲ್ಲಿದೆ. ನೆಲಕ್ಕೆ ಬಿದ್ದು ಪೆಟ್ಟಾದ ಒಂದೇ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸಬಲ್ಲದು. ಕೊಯ್ದ ದಿನವೇ ಒರೆಸಿ ಹರಳುಪ್ಪಿನ ಜೊತೆ ಪದರ ಪದರವಾಗಿ ತುಂಬುತ್ತೇವೆ. ಮಿಡಿ ನೀರು ಬಿಟ್ಟು ಸುರುಟಿದ ಮೇಲೆ ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಅದರಲ್ಲಿ ಮೆಣಸು, ಸಾಸಿವೆ ಕಲಸುತ್ತೇವೆ. ಹೊರಗಿನ ಒಂದು ಹನಿ ನೀರೂ ಸೇರುವುದಿಲ್ಲ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಸೇತುವೆ ದಾಟಿ ಈಗ ಹೊರಗಿನ ಉಪ್ಪಿನಕಾಯಿಯ ಗಾಡಿಗಳೂ ಬರುತ್ತಿವೆ. ನಮ್ಮದಕ್ಕಿಂತ ಅವುಗಳ ಬೆಲೆ ಕಡಿಮೆ, ಮಿಡಿಯ ಗಾತ್ರ ದೊಡ್ಡದು. ನಾವು ಆ ಬೆಲೆಗೆ ಇಳಿಯುವುದಿಲ್ಲ. ಮರ ಹತ್ತುವವರ ಕೂಲಿಯಲ್ಲಿ ಕಡಿತ ಮಾಡಿ ಬಾಟಲಿ ಅಗ್ಗ ಮಾಡುವುದು ನಮ್ಮಿಂದಾಗದು. ಈ ವರ್ಷದ ಬೆಲೆಯನ್ನು ಕೊಯ್ಲು ಮುಗಿದ ಮೇಲೆಯೇ ತಿಳಿಸುತ್ತೇವೆ. ಮಿಡಿ ಕಡಿಮೆಯಾದರೆ ಒಂದು ಮನೆಗೆ ಎರಡು ಬಾಟಲಿಗಿಂತ ಹೆಚ್ಚು ಕೊಡಲಾಗದು. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಅಂಚೆ, ಕೊರಿಯರ್ ಮೂಲಕ ತರಿಸಿಕೊಳ್ಳುವವರಿಗೆ ಒಳ್ಳೆಯ ಸುದ್ದಿ. ಮೊದಲು ಪಾರ್ಸೆಲ್ ಹೊತ್ತು ಲಾಂಚ್ ಹತ್ತಿ, ಆಚೆ ದಡದಲ್ಲಿ ಬಸ್ ಕಾದು ಸಾಗರಕ್ಕೆ ಹೋಗುವಷ್ಟರಲ್ಲಿ ಒಬ್ಬರ ಒಂದು ದಿನವೇ ಹೋಗುತ್ತಿತ್ತು. ದಡದಿಂದ ದೇವಸ್ಥಾನಕ್ಕೆ ಯಾತ್ರಿಕರನ್ನು ಕರೆದೊಯ್ಯುತ್ತಿದ್ದ ಜೀಪಿನ ಅಣ್ಣಂದಿರಲ್ಲಿ ಒಬ್ಬರು, ಸೇತುವೆಯಾದ ಮೇಲೆ ಬಾಡಿಗೆ ನಿಂತುಹೋದವರು, ಈಗ ವಾರಕ್ಕೆರಡು ಸಲ ನಮ್ಮ ಪಾರ್ಸೆಲ್‌ಗಳನ್ನು ಸಾಗರಕ್ಕೆ ಮುಟ್ಟಿಸುತ್ತಾರೆ. ತಿಂಗಳಿಗೊಮ್ಮೆ ಹೋಗುತ್ತಿದ್ದದ್ದು ಇನ್ನು ವಾರದೊಳಗೆ ಹೊರಡುತ್ತದೆ.

ಊರೊಳಗೆ ಬರುವವರಲ್ಲಿ ಒಂದು ಬೇಡಿಕೆ. ಮೂರು ಗಂಟೆಯ ಬಿಡುವಾದರೂ ಇಟ್ಟುಕೊಂಡು ಬನ್ನಿ. ಊಟದ ಮುಂಚೆ ಅಥವಾ ಆಮೇಲೆ ನಮ್ಮವರೊಬ್ಬರು ನಿಮ್ಮನ್ನು ಅಡಿಕೆ ತೋಟದ ದಾರಿಯಲ್ಲಿ ನೀರಿನವರೆಗೆ ಕರೆದುಕೊಂಡು ಹೋಗುತ್ತಾರೆ. ದಾರಿಯಲ್ಲಿ ಜೇನು ಸಾಕುವ ಮನೆಯಿದೆ, ಬೆತ್ತ ಬಿದಿರಿನ ಬುಟ್ಟಿ ಹೆಣೆಯುವ ಅಜ್ಜ ಇದ್ದಾರೆ, ಗೋಡೆ, ಬುಟ್ಟಿಗಳ ಮೇಲೆ ಚಿತ್ತಾರ ಬರೆಯುವ ದೀವರ ಸಮುದಾಯದ ಮನೆಗಳಿವೆ. ಅಕ್ಕಿಯ ಬಿಳಿ, ಕೆಮ್ಮಣ್ಣಿನ ಕೆಂಪು, ನಾರಿನ ಕುಂಚದಲ್ಲಿ ಎಳೆದ ಗೆರೆಗಳು. ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಗೆ ಬರೆದ ಬುಟ್ಟಿಯನ್ನು ಕೊಳ್ಳಲು ಕೇಳಬೇಡಿ, ಅದು ಮನೆಯ ಪೂಜೆಯದು. ಮಾರಾಟಕ್ಕೆಂದೇ ಮಾಡಿದವು ಬೇರೆ ಇರುತ್ತವೆ. ಹಣವನ್ನು ಆಯಾ ಮನೆಯವರ ಕೈಗೇ ಕೊಡಿ, ಸಂಘಕ್ಕೆ ಅದರಲ್ಲಿ ಪಾಲಿಲ್ಲ. ಚಹಾ ಬೇಕಾದರೆ ಪೇಟೆಯ ಹೋಟೆಲಿನಲ್ಲಿ ಕುಡಿಯಿರಿ. ಅವರಿಗೂ ಲಾಂಚ್ ನಿಂತ ಬಿಸಿ ತಟ್ಟಿದೆ.

ಮಳೆಗಾಲದಲ್ಲಿ ಬರುವವರು ಬೇಗ ಹೊರಡಬೇಕು, ಜಡಿಮಳೆಯಲ್ಲಿ ತೋಟದ ದಾರಿ ಜಾರುತ್ತದೆ. ಬೇಸಿಗೆಯಲ್ಲಿ ಬರುವವರನ್ನು ಕಾಡಿನೊಳಗೆ ಕರೆದೊಯ್ಯುವುದಿಲ್ಲ. ನಮ್ಮ ತಾಲ್ಲೂಕು ಮಂಗನ ಕಾಯಿಲೆಯಿಂದ ಬಹಳ ನೊಂದಿದೆ, ಉಣುಗು ಕಚ್ಚಿ ಬರುವ ಕಾಯಿಲೆ ಅದು. ಎಷ್ಟೇ ಒತ್ತಾಯಿಸಿದರೂ ಈ ವಿಷಯದಲ್ಲಿ ನಾವು ಸಡಿಲ ಬಿಡುವುದಿಲ್ಲ. ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ಬಂದ ಕಾರಿನಲ್ಲೇ ತಿರುಗಿ ಒಯ್ಯಿರಿ. ಕುಡಿಯಲು ಕಾಯಿಸಿ ಆರಿಸಿದ ಬಾವಿಯ ನೀರು ಕೊಡುತ್ತೇವೆ.

ದೂರವಾಣಿ ಸಂಖ್ಯೆ ಬದಲಾಗಿಲ್ಲ, ನಿಮ್ಮಲ್ಲಿರುವ ಬಾಟಲಿಯ ಚೀಟಿಯ ಮೇಲಿನದೇ. ಸಂಜೆ ಆರರೊಳಗೆ ಕರೆ ಮಾಡಿ ಎಷ್ಟು ಜನ, ಮಕ್ಕಳೆಷ್ಟು, ಯಾವ ಊಟ, ಎಷ್ಟು ಹೊತ್ತಿಗೆ ಎಂದು ತಿಳಿಸಿ. ನೆಟ್‌ವರ್ಕ್ ಸಿಗದಿದ್ದರೆ ಸಂದೇಶ ಕಳುಹಿಸಿಡಿ, ರಾತ್ರಿಯೊಳಗೆ ಉತ್ತರಿಸುತ್ತೇವೆ. ಬುಧವಾರ ಅಡುಗೆ ಇಲ್ಲ. ಭೂಮಿ ಹುಣ್ಣಿಮೆಯ ದಿನ ಹಾಗೂ ಅದರ ಹಿಂದಿನ ದಿನ ಗದ್ದೆ, ತೋಟಕ್ಕೆ ಎಡೆ ಚೆಲ್ಲುವ ಚರಗದ ಕೆಲಸವಿರುವುದರಿಂದ ಮನೆ ಪೂರ್ತಿ ಮುಚ್ಚಿರುತ್ತದೆ. ಸೇತುವೆ ಇಳಿದು ತುಮರಿಯ ದಾರಿ ಹಿಡಿದರೆ ರಸ್ತೆಯ ಬಲಕ್ಕೆ ಹಂಚಿನ ಮನೆ. ಮಳಿಗೆಯ ಆ ಎರಡು ಬೆಂಚುಗಳನ್ನೇ ಜಗಲಿಯಲ್ಲಿ ಹಾಕಿದ್ದೇವೆ, ಅದೇ ಗುರುತು. ಬರುವಾಗ ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಗಳಿದ್ದರೆ ತೊಳೆದು ಒಣಗಿಸಿ ತನ್ನಿ, ಅದರ ಬೆಲೆಯನ್ನು ಹೊಸ ಬಾಟಲಿಯಲ್ಲಿ ಕಳೆಯುತ್ತೇವೆ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಸಂಘದ ಹನ್ನೊಂದು ಸದಸ್ಯೆಯರ ಪರವಾಗಿ
ಕರೂರು ಹೋಬಳಿ, ಸಾಗರ ತಾಲ್ಲೂಕು