ಈ ವಾರ ಮಾಲಿ ದೇಶದ ಸಂಗೀತ

ಎಲ್ಲರಿಗೂ ನಮಸ್ಕಾರ. ಈ ವಾರ ಪಶ್ಚಿಮ ಆಫ್ರಿಕಾದ ಮಾಲಿಗೆ ಹೋಗೋಣ. ಮೊದಲು ತುಮಾನಿ ಜಬಾತೆ ಅವರ ಕೋರಾ ಕೇಳಿ. ದೊಡ್ಡ ಸೋರೆಬುರುಡೆಯನ್ನು ಅರ್ಧಕ್ಕೆ ಕೊಯ್ದು, ಚರ್ಮ ಬಿಗಿದು, 21 ತಂತಿ ಕಟ್ಟಿದ ವಾದ್ಯ ಅದು. ಎರಡೂ ಕೈಗಳ ಹೆಬ್ಬೆರಳು, ತೋರುಬೆರಳು ಮಾತ್ರ ಓಡಾಡುತ್ತವೆ. ಮೂರು ಜನ ನುಡಿಸಿದ ಹಾಗೆ ಕೇಳಿಸುತ್ತದೆ, ಆದರೆ ಒಬ್ಬರೇ! ಅಲಿ ಫರ್ಕಾ ತೂರೆ ಅವರ ಗಿಟಾರ್ ಜೊತೆ ಅವರು ನುಡಿಸಿದ 2005ರ ಆಲ್ಬಮ್‌ನಿಂದ ಶುರು ಮಾಡಿ.

ಆಮೇಲೆ ಊಮೂ ಸಂಗಾರೆ. ವಾಸುಲು ಸೀಮೆಯ ಧಾಟಿಯಲ್ಲಿ ಹಾಡುವ ಇವರು, ಒಬ್ಬ ಗಂಡಸು ಹಲವು ಹೆಂಡಿರನ್ನು ಕಟ್ಟಿಕೊಳ್ಳುವ ಪದ್ಧತಿಯನ್ನು ನೇರವಾಗಿ ಟೀಕಿಸಿದವರು. ಭಾಷೆ ತಿಳಿಯದಿದ್ದರೂ ಆ ದನಿ ತಾಗುತ್ತದೆ, ನನಗಂತೂ ತಾಗಿತು.

ಸುಮ್ನೆ ಆಡಿಯೋ ಫೈಲ್ ಹಾಕಬೇಡಿ, ಲಿಂಕ್ ಸಾಕು. ಯಾವುದು ಹಿಡಿಸಿತು ಅಂತ ಭಾನುವಾರದೊಳಗೆ ಎರಡು ಸಾಲು ಬರೆಯಿರಿ. ವಾಯ್ಸ್ ಮೆಸೇಜ್ ಆದರೂ ಸರಿ.