ಹಾಡಿಯ ಹಿರಿಯರಿಗೂ ಪಿಂಚಣಿ ತಲುಪಲಿ

ಮಾನ್ಯರೆ,

ಎಚ್.ಡಿ. ಕೋಟೆ, ಹುಣಸೂರು ತಾಲ್ಲೂಕುಗಳ ಹಾಡಿಗಳಲ್ಲಿರುವ (ಕಾಡಂಚಿನ ಬುಡಕಟ್ಟು ವಸತಿಗಳಲ್ಲಿರುವ) ಜೇನುಕುರುಬ, ಕಾಡುಕುರುಬ ಹಿರಿಯರಿಗೆ ವೃದ್ಧಾಪ್ಯದ ಸರ್ಕಾರಿ ಸೌಲಭ್ಯಗಳು ಸುಲಭವಾಗಿ ಸಿಗುತ್ತಿಲ್ಲ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಇದೆ. ನಿಯಮದಲ್ಲಿ ಜಾತಿ, ಬುಡಕಟ್ಟು ಎಂಬ ಭೇದವಿಲ್ಲ, ನಿಜ. ತೊಡಕಿರುವುದು ವಯಸ್ಸಿನ ದಾಖಲೆಯಲ್ಲಿ. ಶಾಲೆಯ ಮೆಟ್ಟಿಲು ಹತ್ತದವರ ವಯಸ್ಸನ್ನು ಆಧಾರ್ ಮಾಡಿಸುವಾಗ ಅಂದಾಜಿಗೆ ಬರೆದಿರುತ್ತಾರೆ.

ಈಚೆಗೆ ನಾಡಕಚೇರಿಯೊಂದರಲ್ಲಿ ಹಲ್ಲೆಲ್ಲ ಉದುರಿದ ಅಜ್ಜಿಯೊಬ್ಬರನ್ನು ಕಂಡೆ. ಕಾರ್ಡಿನ ಪ್ರಕಾರ ಅವರಿಗೆ ಬರೀ 54! ಮೊಮ್ಮಗನಿಗೇ ಮದುವೆಯಾಗಿದೆ ಎಂದು ಅವರು ಹೇಳಿದರೆ ಕಂಪ್ಯೂಟರ್ ಕೇಳುತ್ತದೆಯೇ? ಶುಂಠಿ ಹೊಲ, ಕೊಡಗಿನ ಕಾಫಿ ತೋಟಗಳಲ್ಲಿ ದುಡಿದು ಸವೆದ ಬೆರಳಿನ ಗುರುತನ್ನು ಯಂತ್ರವೂ ಹಿಡಿಯಲಿಲ್ಲ. ‘ನಾಳೆ ಬನ್ನಿ’ ಎಂದರು. ಕೂಲಿ ಬಿಟ್ಟು, ಬಸ್ಸಿಗೆ ಕಾದು ಬಂದವರಿಗೆ ನಾಳೆ ಎಂದರೆ ಇನ್ನೊಂದು ದಿನದ ಕೂಲಿ ಹೋದಂತೆ, ಅಲ್ವಾ? ಹಿರಿಯರ ಸಹಾಯವಾಣಿ 14567 ಇದೆ ಅನ್ನಬಹುದು. ಮೊಬೈಲ್ ಸಿಗ್ನಲ್ ಸಿಗದ ಕಾಡಂಚಿನಲ್ಲಿ ಅದು ಸುಮ್ನೆ ಒಂದು ನಂಬರ್ ಅಷ್ಟೇ.

ಹಿರಿಯರನ್ನು ಕಚೇರಿಗೆ ಅಲೆಸುವ ಬದಲು ಗ್ರಾಮ ಆಡಳಿತ ಅಧಿಕಾರಿ, ಸರ್ಕಾರಿ ವೈದ್ಯರು, ಆಧಾರ್ ಸಿಬ್ಬಂದಿ ಒಟ್ಟಾಗಿ ಹಾಡಿಗೇ ಬರಲಿ. ವೈದ್ಯರು ಅಲ್ಲೇ ವಯಸ್ಸು ದೃಢೀಕರಿಸಿ ಪತ್ರ ಕೊಡಲಿ. ಬೆರಳಚ್ಚು ಬಾರದಿದ್ದರೆ ಕಣ್ಣಿನ ಸ್ಕ್ಯಾನ್ ಮಾಡಲಿ. ಹಾಡಿಯ ಭಾಷೆ ಬಲ್ಲ ಒಬ್ಬ ಯುವಕನೋ ಯುವತಿಯೋ ಜೊತೆಗಿದ್ದರೆ ಅರ್ಧ ಕೆಲಸ ಹಗುರ. ಜಿಲ್ಲಾಡಳಿತ ಇದನ್ನು ಮಳೆಗಾಲಕ್ಕೆ ಮೊದಲೇ ಶುರು ಮಾಡಬೇಕು.

– ಒಬ್ಬ ಓದುಗ, ಹುಣಸೂರು